ಕಾರ್ಲ್ ಥಿಯೋಡರ್ ಡ್ರೈಯರ್: ದಾಖಲೆ, ಮುಖ ಮತ್ತು ಪಾಠಾಂತರ

ಸಾಹಿತ್ಯದ ಅಧ್ಯಯನದಲ್ಲಿ ಪಾಠದ ಪ್ರಶ್ನೆ ಹೊಸದಲ್ಲ. ಕವಿಯ ಸ್ವಹಸ್ತಪ್ರತಿ ದೊರೆಯುವುದಿಲ್ಲ. ದೊರೆತ ಪ್ರತಿಗಳು ಒಂದರಂತೆ ಒಂದಿರುವುದಿಲ್ಲ. ಲಿಪಿಕಾರನ ಪ್ರಮಾದ ಯಾವುದು, ಕವಿಯೇ ಮಾಡಿಕೊಂಡ ಮಾರ್ಪಾಡು ಯಾವುದು ಎಂಬುದನ್ನು ಸಂಪಾದಕ ಬಿಡಿಸಿ ನೋಡಬೇಕಾಗುತ್ತದೆ. ಡಿ.ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ'ಯನ್ನು ಪಠ್ಯವಾಗಿ ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಸಿನಿಮಾವನ್ನು ಕುರಿತ ಬರವಣಿಗೆಯಲ್ಲಿ ಈ ಎಚ್ಚರ ಬಹಳ ತಡವಾಗಿ ಮೂಡಿತು. ಚಲನಚಿತ್ರವು ಯಂತ್ರದಿಂದ ಮುದ್ರಿತವಾಗುವ ಕಲೆಯಾದುದರಿಂದ ಅದರ ಎಲ್ಲ ಪ್ರತಿಗಳೂ ಒಂದೇ ಎಂಬ ನಂಬಿಕೆ ವಿಮರ್ಶಕರಲ್ಲೂ ಗಟ್ಟಿಯಾಗಿಯೇ ಇತ್ತು. ಡೆನ್ಮಾರ್ಕಿನ ನಿರ್ದೇಶಕ ಕಾರ್ಲ್ ಥಿಯೋಡರ್ ಡ್ರೈಯರ್ ಫ್ರಾನ್ಸಿನಲ್ಲಿ ತಯಾರಿಸಿದ 'ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್' ಎಂಬ ಮೂಕಚಿತ್ರ ಈ ನಂಬಿಕೆಯನ್ನು ಹುಸಿಯಾಗಿಸಿದ ಕೃತಿಗಳಲ್ಲಿ ಮುಖ್ಯವಾದುದು. 1928ರಲ್ಲಿ ತೆರೆಕಂಡ ಈ ಚಿತ್ರ ಸುಮಾರು ಅರ್ಧ ಶತಮಾನ ಕಾಲ ತನ್ನ ಮೂಲರೂಪದಲ್ಲಿ ಇಲ್ಲವೆಂದೇ ಭಾವಿಸಲಾಗಿತ್ತು. ಡ್ರೈಯರನ ಜೀವನವನ್ನು ಈ ಒಂದು ಕೃತಿಯ ಪಾಠಚರಿತ್ರೆಯ ಜೊತೆಗಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಡ್ರೈಯರ್ ಹುಟ್ಟಿದ್ದು 1889ರ ಫೆಬ್ರವರಿ 3ರಂದು, ಕೋಪನ್‌ಹೇಗನ್‌ನಲ್ಲಿ. ತಾಯಿ ಯೋಸೆಫೀನ್ ನಿಲ್ಸನ್ ಸ್ವೀಡನ್ನಿನ ಒಬ್ಬ ಜಮೀನುದಾರನ ಮನೆಯಲ್ಲಿ ಕೆಲಸಕ್ಕಿದ್ದವಳು. ಮಗುವಿನ ತಂದೆ ಆ ಮನೆಯ ಯಜಮಾನನೇ. ಅವಿವಾಹಿತೆಯಾದ ಆಕೆ ಹೆರಿಗೆಗೆಂದು ಕೋಪನ್‌ಹೇಗನ್ನಿಗೆ ಬಂದು, ಮಗುವನ್ನು ಅಲ್ಲಿಯೇ ಬಿಟ್ಟು ಹಿಂದಿರುಗಿದಳು. ಸಾಕುಮನೆಗಳಲ್ಲಿ ಕಳೆದ ಆರಂಭದ ದಿನಗಳ ನಂತರ, 1891ರಲ್ಲಿ, ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ವೃತ್ತಿಯ ಕಾರ್ಲ್ ಥಿಯೋಡರ್ ಡ್ರೈಯರ್ ಎಂಬಾತ ಮಗುವನ್ನು ದತ್ತು ತೆಗೆದುಕೊಂಡು ತನ್ನ ಹೆಸರನ್ನೇ ಪೂರ್ತಿಯಾಗಿ ಅದಕ್ಕೆ ಇಟ್ಟ. ಅದೇ ವರ್ಷದ ಆರಂಭದಲ್ಲಿ ತಾಯಿ ತೀರಿಕೊಂಡಿದ್ದಳು. ಮತ್ತೆ ಗರ್ಭಿಣಿಯಾಗಿದ್ದ ಆಕೆ ಗರ್ಭಪಾತಕ್ಕಾಗಿ ಬೆಂಕಿಕಡ್ಡಿಗಳ ರಂಜಕವನ್ನು ಸೇವಿಸಿದ್ದಳು. ಸಾಕುಮನೆಯಲ್ಲಿ ಡ್ರೈಯರನಿಗೆ ಅನ್ನಕ್ಕೆ ಕೊರತೆಯಾಗದಿದ್ದರೂ ಪ್ರೀತಿಗೆ ಕೊರತೆಯಿತ್ತು. ಯೌವನದ ಹೊಸ್ತಿಲಲ್ಲಿ ಆತ ಆ ಮನೆಯಿಂದ ದೂರವಾದ. ತನ್ನ ಹುಟ್ಟಿನ ವಿವರಗಳನ್ನು ಹುಡುಕಿ ತಿಳಿದುಕೊಂಡ. ಆದರೆ ಅವುಗಳ ಬಗ್ಗೆ ಬಹಿರಂಗವಾಗಿ ಮಾತನಾಡಲಿಲ್ಲ.

ಈ ಸಂಗತಿಗಳು ವಿದ್ವತ್ ಲೋಕಕ್ಕೆ ವಿವರವಾಗಿ ತಿಳಿದದ್ದು 1982ರಲ್ಲಿ, ಮೋರಿಸ್ ದ್ರೂಜಿ ಬರೆದ ಜೀವನಚರಿತ್ರೆಯ ಮೂಲಕ. ಡ್ರೈಯರನ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ, ಪುರುಷಾಧಿಕಾರದ ಎದುರು ನಿಂತು ನಲುಗುವ ಹೆಣ್ಣನ್ನು ದ್ರೂಜಿ ನಿರ್ದೇಶಕನ ತಾಯಿಯೊಂದಿಗೆ ಸಮೀಕರಿಸುತ್ತಾನೆ. ಆತ ಸಂಗ್ರಹಿಸಿದ ಆಕರಗಳ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇಡೀ ಕೃತಿಶ್ರೇಣಿಯನ್ನು ಒಂದೇ ಗಾಯದ ಲಕ್ಷಣವೆಂದು ಓದುವ ಈ ಕ್ರಮ ತೀರಾ ಸರಳವಾದುದು. ಕವಿಯ ಜೀವನದ ಒಂದು ಘಟನೆಯಿಂದ ಕಾವ್ಯವನ್ನೆಲ್ಲ ವಿವರಿಸಲು ಹೊರಟಾಗ ಕಾವ್ಯ ಕೈತಪ್ಪಿ ಹೋಗುವುದನ್ನು ನಮ್ಮ ಕವಿಚರಿತೆಗಳ ಓದುಗರೂ ಬಲ್ಲರು. ಡ್ರೈಯರನ ಬಾಲ್ಯ ಆತನಿಗೆ ಕಥಾವಸ್ತುವನ್ನು ಕೊಟ್ಟಿತೋ ಇಲ್ಲವೋ, ಒಂದು ಅಭ್ಯಾಸವನ್ನಂತೂ ಕೊಟ್ಟಂತಿದೆ. ಅದು ದಾಖಲೆಯನ್ನು ಹುಡುಕುವ, ಓದುವ, ದಾಖಲೆ ಹೇಳದೆ ಬಿಟ್ಟದ್ದೇನು ಎಂದು ಕೇಳಿಕೊಳ್ಳುವ ಅಭ್ಯಾಸ.

ಆತನ ವೃತ್ತಿಜೀವನವೂ ಇದಕ್ಕೆ ಪೂರಕವಾಗಿಯೇ ಸಾಗಿತು. ತಂತಿ ಕಂಪನಿಯೊಂದರಲ್ಲಿ ಗುಮಾಸ್ತಗಿರಿ ಮಾಡಿ ಬೇಸತ್ತು ಪತ್ರಿಕೋದ್ಯಮಕ್ಕೆ ಬಂದ ಡ್ರೈಯರ್, ಆ ಕಾಲದ ಹೊಸ ವಿಸ್ಮಯವಾಗಿದ್ದ ವಿಮಾನಯಾನದ ಬಗೆಗೂ ಪ್ರಸಿದ್ಧರ ಬಗೆಗೂ ಬರೆದ. 1911ರಲ್ಲಿ ಎಬ್ಬಾ ಲಾರ್ಸನ್‌ಳನ್ನು ಮದುವೆಯಾದ. ಅನಂತರ ನಾರ್ಡಿಸ್ಕ್ ಎಂಬ ಚಿತ್ರಸಂಸ್ಥೆಯನ್ನು ಸೇರಿ ಮೂಕಚಿತ್ರಗಳ ಮಧ್ಯಶೀರ್ಷಿಕೆಗಳನ್ನು ಬರೆಯುವ, ಕಥೆಗಳನ್ನು ಪರಿಶೀಲಿಸುವ, ಸಂಕಲನ ಮಾಡುವ ಕೆಲಸಗಳನ್ನು ಕೆಲವು ವರ್ಷ ನಿರ್ವಹಿಸಿದ. ಎರಡು ದೃಶ್ಯಗಳ ನಡುವೆ ತೆರೆಯ ಮೇಲೆ ಮೂಡುವ ಅಕ್ಷರ ಎಷ್ಟಿರಬೇಕು, ಎಲ್ಲಿ ಬರಬೇಕು, ಎಲ್ಲಿ ಬರಬಾರದು ಎಂಬ ವಿವೇಕ ಆತನಿಗೆ ಬಂದದ್ದು ಇಲ್ಲಿಂದ. 1919ರಲ್ಲಿ ತೆರೆಕಂಡ ಆತನ ಮೊದಲ ಚಿತ್ರ 'ಪ್ರೆಸಿಡೆಂಟ್'ನಲ್ಲಿ ನ್ಯಾಯಾಧೀಶನೊಬ್ಬ ಶಿಶುಹತ್ಯೆಯ ಆರೋಪಿಯಲ್ಲಿ ತನ್ನದೇ ವಿವಾಹಬಾಹಿರ ಮಗಳನ್ನು ಗುರುತಿಸುತ್ತಾನೆ. ಮುಂದೆ ನಾರ್ವೆಯಲ್ಲಿ ಚಿತ್ರೀಕರಿಸಿದ 'ಪಾದ್ರಿಯ ವಿಧವೆ' (1920), ಜರ್ಮನಿಯಲ್ಲಿ ತಯಾರಾದ 'ಮಿಕಾಯೆಲ್' (1924) ಮೊದಲಾದವು ಬಂದವು. ಆತನಿಗೆ ಹೊರನಾಡಿನಲ್ಲಿ ಹೆಸರು ತಂದದ್ದು ಮಾತ್ರ 1925ರ 'ಮನೆಯ ಯಜಮಾನ'. ಹೆಂಡತಿಯನ್ನು ಗೋಳುಹೊಯ್ದುಕೊಳ್ಳುವ ಗಂಡನಿಗೆ ವೃದ್ಧ ದಾದಿಯೊಬ್ಬಳು ಬುದ್ಧಿ ಕಲಿಸುವ ಈ ಚಿತ್ರಕ್ಕಾಗಿ ಸ್ಟುಡಿಯೋದೊಳಗೆ ನೀರು, ಗ್ಯಾಸ್ ಸಂಪರ್ಕಗಳೂ ಇದ್ದ ನಿಜವಾದ ವಾಸದ ಮನೆಯನ್ನೇ ಕಟ್ಟಿಸಲಾಗಿತ್ತು. ಈ ಚಿತ್ರ ಫ್ರಾನ್ಸಿನಲ್ಲಿ ಗಳಿಸಿದ ಯಶಸ್ಸಿನಿಂದಾಗಿ ಪ್ಯಾರಿಸ್ಸಿನ ಚಿತ್ರಸಂಸ್ಥೆಯೊಂದು ಡ್ರೈಯರನನ್ನು ಆಹ್ವಾನಿಸಿತು. ಮರಿ ಆಂಟ್ವನೆಟ್, ಕ್ಯಾಥರಿನ್ ದ ಮೆದಿಚಿ, ಜೋನ್ ಆಫ್ ಆರ್ಕ್ ಎಂಬ ಮೂವರು ಚಾರಿತ್ರಿಕ ಸ್ತ್ರೀಯರಲ್ಲಿ ಜೋನಳ ಆಯ್ಕೆಯಾಯಿತು. 1431ರ ಮೇ 30ರಂದು ರುವಾನ್ ಪಟ್ಟಣದಲ್ಲಿ ಧರ್ಮದ್ರೋಹದ ಆರೋಪದ ಮೇಲೆ ಸುಡಲ್ಪಟ್ಟ ಈ ರೈತಹುಡುಗಿಗೆ ರೋಮನ್ ಚರ್ಚು 1920ರಲ್ಲಿ ಸಂತಪದವಿಯನ್ನು ನೀಡಿತ್ತು. ಆಕೆಯ ಹೆಸರು ಫ್ರೆಂಚರ ರಾಷ್ಟ್ರಾಭಿಮಾನದ ಸಂಕೇತವೂ ಆಗಿತ್ತು.

ಚಿತ್ರಸಂಸ್ಥೆ ಜೋಸೆಫ್ ದೆಲ್ತೇಲ್ ಎಂಬ ಲೇಖಕನ ಜೋನ್ ಕುರಿತ ಕೃತಿಯ ಹಕ್ಕುಗಳನ್ನು ಕೊಂಡುಕೊಂಡಿತ್ತು. ಡ್ರೈಯರ್ ಅದನ್ನು ಬದಿಗಿಟ್ಟು ನೇರವಾಗಿ ವಿಚಾರಣೆಯ ನಡಾವಳಿಗಳಿಗೇ ಹೋದ. ವಿದ್ವಾಂಸ ಪಿಯೆರ್ ಶಾಂಪಿಯೋನ್ ಈ ನಡಾವಳಿಗಳನ್ನು ಕೆಲವೇ ವರ್ಷಗಳ ಹಿಂದೆ ಸಂಪಾದಿಸಿ ಪ್ರಕಟಿಸಿದ್ದ. ಚಿತ್ರಕ್ಕೆ ಚಾರಿತ್ರಿಕ ಸಲಹೆಗಾರನೂ ಆತನೇ ಆದ. ಚಿತ್ರ ಆರಂಭವಾಗುವುದೇ ವಿಚಾರಣೆಯ ಹಸ್ತಪ್ರತಿಯ ಹಾಳೆಗಳನ್ನು ತಿರುವುವ ಕೈಯಿಂದ ಎಂಬುದು ಇಲ್ಲಿ ಗಮನಾರ್ಹ. ಯುದ್ಧ, ಪಟ್ಟಾಭಿಷೇಕ, ಸೆರೆ ಮೊದಲಾದ ರಮ್ಯ ಪ್ರಸಂಗಗಳನ್ನೆಲ್ಲ ಬಿಟ್ಟು, ತಿಂಗಳುಗಟ್ಟಲೆ ನಡೆದ ವಿಚಾರಣೆಯನ್ನು ಒಂದೇ ದಿನದ ಕ್ರಿಯೆಯೆಂಬಂತೆ ಸಂಕ್ಷೇಪಿಸಲಾಯಿತು. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ: ಇದೇ ಚಿತ್ರದ ಬಂಧ. ಆದರೆ ನಡಾವಳಿಯ ಬರೆಹಗಾರ ಬರೆದುಕೊಂಡದ್ದು ಮಾತನ್ನು ಮಾತ್ರ. ಪ್ರಶ್ನೆಗೂ ಉತ್ತರಕ್ಕೂ ನಡುವಿನ ಮೌನದಲ್ಲಿ ಆ ಹುಡುಗಿಯ ಮುಖ ಹೇಗಿತ್ತು ಎಂಬುದು ದಾಖಲೆಯಲ್ಲಿಲ್ಲ. ಡ್ರೈಯರ್ ಕ್ಯಾಮೆರಾವನ್ನು ನಿಲ್ಲಿಸಿದ್ದು ಅಲ್ಲಿ.

ಆ ಮುಖ ರೆನೆ ಫಾಲ್ಕೊನೆಟಿಯದು. ಪ್ಯಾರಿಸ್ಸಿನ ರಂಗಭೂಮಿಯಲ್ಲಿ ಲಘುಪ್ರಹಸನದಲ್ಲಿ ಅಭಿನಯಿಸುತ್ತಿದ್ದ ಈಕೆಯ ಪ್ರಸಾಧನದ ಹಿಂದೆ ಬೇರೊಂದು ಮುಖವಿರುವುದನ್ನು ಡ್ರೈಯರ್ ಕಂಡುಕೊಂಡ. ಬಣ್ಣಗಳ ಛಾಯೆಗಳನ್ನು ಸಮತೋಲನದಲ್ಲಿ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಆಗ ಬಳಕೆಗೆ ಬಂದಿತ್ತು. ಅದರ ಬಲದಿಂದ ನಟರಾರಿಗೂ ಬಣ್ಣ ಹಚ್ಚದೆ ಚಿತ್ರೀಕರಿಸುವುದು ಸಾಧ್ಯವಾಯಿತು. ಛಾಯಾಗ್ರಾಹಕ ರುಡಾಲ್ಫ್ ಮಾಟೆ. ಚರ್ಮದ ಸುಕ್ಕು, ತುಟಿಯ ಬಿರುಕು, ರೆಪ್ಪೆಯಂಚಿನ ನೀರು, ನ್ಯಾಯಾಧೀಶರ ಮುಖದ ನರುಳೆ ಇವೆಲ್ಲ ತೆರೆಯ ಮೇಲೆ ಮರೆಯಿಲ್ಲದೆ ಕಾಣುತ್ತವೆ. ಘಟನೆಗಳ ಅನುಕ್ರಮದಲ್ಲಿಯೇ ಚಿತ್ರೀಕರಣ ನಡೆಯಿತು. ಜೋನಳ ತಲೆ ಬೋಳಿಸುವ ದೃಶ್ಯದಲ್ಲಿ ಕತ್ತರಿಸಿದ್ದು ನಟಿಯ ನಿಜವಾದ ಕೂದಲನ್ನೇ. ಕೆಳಗಿನಿಂದ ಮೇಲಕ್ಕೆ ನೋಡುವ ಕೋನಗಳಿಗಾಗಿ ನೆಲದಲ್ಲಿ ಗುಂಡಿಗಳನ್ನು ತೋಡಲಾಯಿತು. ಈ ಕೋನಗಳಿಂದಾಗಿ ಬಿಷಪ್ ಕೋಶೋನ್ ಮತ್ತು ಆತನ ಸಂಗಡಿಗರು ಗೋಪುರಗಳಂತೆ ಬಾಗಿ ನಿಲ್ಲುತ್ತಾರೆ. ಹರ್ಮನ್ ವಾರ್ಮ್ ಮತ್ತು ಜಾನ್ ಯೂಗೋ ವಿನ್ಯಾಸಗೊಳಿಸಿದ ಕೋಟೆಯ ರಂಗಸಜ್ಜಿಕೆಯನ್ನು ಪ್ಯಾರಿಸ್ಸಿನ ಹೊರವಲಯದಲ್ಲಿ ಅಪಾರ ವೆಚ್ಚದಿಂದ ಕಟ್ಟಲಾಗಿತ್ತು. ಅದರ ಗೋಡೆಗಳಿಗೆ ಬಳಿದದ್ದು ಗುಲಾಬಿ ಬಣ್ಣ. ಕಪ್ಪುಬಿಳುಪಿನಲ್ಲಿ ಅದು ಬಿಳಿಯ ಆಕಾಶದ ಎದುರು ತೆಳುಬೂದಾಗಿ ಕಾಣಬೇಕಾಗಿತ್ತು. ಇಷ್ಟೆಲ್ಲ ಕಟ್ಟಿಸಿಯೂ ಚಿತ್ರದಲ್ಲಿ ಆ ಕೋಟೆ ಪೂರ್ತಿಯಾಗಿ ಎಲ್ಲಿಯೂ ಕಾಣುವುದಿಲ್ಲ. ಹಣ ಹೂಡಿದವರ ಅಸಮಾಧಾನ ಸಹಜವೇ. ಸುಮಾರು 1500 ಚಿತ್ರಿಕೆಗಳಿರುವ ಈ ಕೃತಿಯಲ್ಲಿ ಯಾರು ಎಲ್ಲಿ ನಿಂತಿದ್ದಾರೆ, ಬಾಗಿಲು ಯಾವ ದಿಕ್ಕಿನಲ್ಲಿದೆ ಎಂದು ಪ್ರೇಕ್ಷಕನಿಗೆ ಸುಲಭವಾಗಿ ತಿಳಿಯುವುದಿಲ್ಲ. ಜೋನಳಿಗೂ ತಿಳಿದಿರಲಾರದು.

ಫಾಲ್ಕೊನೆಟಿಯನ್ನು ಡ್ರೈಯರ್ ಹಿಂಸಿಸಿ ಅಭಿನಯ ತೆಗೆಸಿದನೆಂಬ ಕಥೆಗಳು ಪುಸ್ತಕದಿಂದ ಪುಸ್ತಕಕ್ಕೆ ಹರಿದುಬಂದಿವೆ. ಅವು ಜೋನಳ ಕಥೆಯನ್ನೇ ನಟಿಯ ಮೇಲೆ ಹೊರಿಸುವ ಒಂದು ಬಗೆಯ ಪ್ರಕ್ಷೇಪವೆನ್ನಬಹುದು. ರಂಗಭೂಮಿಯಲ್ಲಿ ಪಳಗಿದ ಕಲಾವಿದೆಯ ಕೌಶಲವನ್ನು ಬರಿಯ ನರಳಿಕೆಯೆಂದು ಭಾವಿಸುವುದು ಆಕೆಗೆ ಮಾಡುವ ಅನ್ಯಾಯ. ಈ ಚಿತ್ರದ ನಂತರ ಆಕೆ ಮತ್ತೆ ಸಿನಿಮಾದಲ್ಲಿ ಅಭಿನಯಿಸಲಿಲ್ಲ. 1946ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡಳು.

ಚಿತ್ರದ ಪಾಠಚರಿತ್ರೆ ಆರಂಭವಾಗುವುದು ಮೊದಲ ಪ್ರದರ್ಶನದಿಂದಲೇ. 1928ರ ಏಪ್ರಿಲ್ 21ರಂದು ಕೋಪನ್‌ಹೇಗನ್‌ನಲ್ಲಿ ಚಿತ್ರ ತೆರೆಕಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿಗೆ ಬರುವ ಹೊತ್ತಿಗೆ, ಚರ್ಚಿನ ಆಕ್ಷೇಪಗಳಿಗೂ ಸರ್ಕಾರಿ ಸೆನ್ಸಾರಿಗೂ ಮಣಿದು, ಹಲವು ಭಾಗಗಳನ್ನು ಕತ್ತರಿಸಲಾಗಿತ್ತು. ಡ್ರೈಯರನ ಒಪ್ಪಿಗೆ ಇದಕ್ಕಿರಲಿಲ್ಲ. ಇಂಗ್ಲಿಷ್ ಸೈನಿಕರನ್ನು ಕ್ರೂರಿಗಳಾಗಿ ತೋರಿಸಿದ ಕಾರಣಕ್ಕೆ ಬ್ರಿಟನ್ನಿನಲ್ಲಿ ಚಿತ್ರಕ್ಕೆ ನಿಷೇಧ ಬಂತು. 1928ರ ಡಿಸೆಂಬರ್ 6ರಂದು ಬರ್ಲಿನ್ನಿನ ಊಫಾ ಸಂಸ್ಥೆಯಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ ಮೂಲ ನೆಗೆಟಿವ್ ಸುಟ್ಟುಹೋಯಿತು. ಆಗಿನ ಫಿಲ್ಮಿನ ಆಧಾರದ್ರವ್ಯವಾದ ಸೆಲ್ಯುಲೋಸ್ ನೈಟ್ರೇಟ್ ಹೊತ್ತಿಕೊಂಡರೆ ಆರಿಸುವುದು ಬಲುಕಷ್ಟ. ಜಗತ್ತಿನ ಮೂಕಚಿತ್ರಗಳಲ್ಲಿ ಬಹುಪಾಲು ನಾಶವಾದುದಕ್ಕೆ ಇದೂ ಒಂದು ಕಾರಣ.

ಡ್ರೈಯರ್ ಆಗ ಕೈಗೊಂಡ ಕೆಲಸ ಅಪೂರ್ವವಾದುದು. ಒಂದೊಂದು ಚಿತ್ರಿಕೆಯನ್ನೂ ಆತ ಹಲವು ಬಾರಿ ಚಿತ್ರೀಕರಿಸಿದ್ದ. ಆಯ್ಕೆಯಾಗದೆ ಉಳಿದಿದ್ದ ಆ ತುಣುಕುಗಳಿಂದಲೇ, ಸಂಕಲನಕಾರ್ತಿ ಮಾರ್ಗರಿತ್ ಬೊಜೆಯ ನೆರವಿನಿಂದ, ಮೊದಲಿನದಕ್ಕೆ ಸಮನಾಗುವಂತೆ ಎರಡನೆಯ ನೆಗೆಟಿವ್ ಒಂದನ್ನು ಜೋಡಿಸಿದ. ಇದು ಗ್ರಂಥಸಂಪಾದನೆಯ ಪರಿಭಾಷೆಯನ್ನೇ ಇಕ್ಕಟ್ಟಿಗೆ ಸಿಲುಕಿಸುವ ಪ್ರಸಂಗ. ಇದನ್ನು ಪ್ರತಿ ಎನ್ನುವಂತಿಲ್ಲ, ಏಕೆಂದರೆ ಇದರ ಒಂದೊಂದು ಚಿತ್ರಿಕೆಯೂ ಮೂಲದ್ದಕ್ಕಿಂತ ಬೇರೆಯಾದುದು. ಪರಿಷ್ಕರಣವೆನ್ನುವಂತೆಯೂ ಇಲ್ಲ; ಕರ್ತೃವಿಗೆ ಏನನ್ನೂ ಬದಲಿಸುವ ಇಚ್ಛೆ ಇರಲಿಲ್ಲ. ಕಾವ್ಯದ ಓಲೆಗಳೆಲ್ಲ ಉರಿದುಹೋದ ಮೇಲೆ ಕವಿಯೇ ತಾನು ಹಿಂದೆ ಕೈಬಿಟ್ಟಿದ್ದ ಸಾಲುಗಳನ್ನು ಆಯ್ದು ಅದೇ ಕಾವ್ಯವನ್ನು ಮತ್ತೆ ಕಟ್ಟಿದಂತೆ ಇದು. 1929ರಲ್ಲಿ ಪ್ಯಾರಿಸ್ ಸಮೀಪದ ಪ್ರಯೋಗಾಲಯವೊಂದರಲ್ಲಿ ಈ ಎರಡನೆಯ ನೆಗೆಟಿವ್ ಕೂಡ ಬೆಂಕಿಗೆ ಆಹುತಿಯಾಯಿತೆಂಬ ಸುದ್ದಿ ಬಂತು.

ಮುಂದೆ ಉಳಿದದ್ದು ಪ್ರತಿಗಳ ಪ್ರತಿಗಳು. 1933ರಲ್ಲಿ ಅಮೆರಿಕದಲ್ಲಿ ಮಧ್ಯಶೀರ್ಷಿಕೆಗಳನ್ನೆಲ್ಲ ತೆಗೆದು, ರೇಡಿಯೋ ನಿರೂಪಕನೊಬ್ಬನ ವಿವರಣೆಯನ್ನು ಸೇರಿಸಿದ 61 ನಿಮಿಷಗಳ ರೂಪವೊಂದು ಹೊರಬಂತು. 1951ರಲ್ಲಿ ಲೋ ದ್ಯೂಕಾ ಎಂಬಾತ ಎರಡನೆಯ ರೂಪದ ನೆಗೆಟಿವ್ ಒಂದನ್ನು ಗೋಮೋಂ ಸಂಸ್ಥೆಯ ಉಗ್ರಾಣದಲ್ಲಿ ಪತ್ತೆಹಚ್ಚಿದ. ಇದು ಹರ್ಷದ ಸಂಗತಿಯೇ. ಆದರೆ ಆತ ಅದಕ್ಕೆ ಬಾಖ್, ವಿವಾಲ್ಡಿ ಮೊದಲಾದವರ ಸಂಗೀತವನ್ನು ಸೇರಿಸಿ, ಹಲವು ಮಧ್ಯಶೀರ್ಷಿಕೆಗಳನ್ನು ಕಿತ್ತು, ಇನ್ನು ಕೆಲವನ್ನು ಚರ್ಚಿನ ಬಣ್ಣಗಾಜಿನ ಕಿಟಕಿಗಳ ಚಿತ್ರಗಳ ಮೇಲೆ ಮೂಡಿಸಿದ. ಚರ್ಚಿನ ನ್ಯಾಯಾಲಯವೊಂದರ ಅಮಾನುಷತೆಯನ್ನು ಕುರಿತ ಕೃತಿಗೆ ಚರ್ಚಿನದೇ ಅಲಂಕಾರ! ಡ್ರೈಯರ್ ಪ್ರತಿಭಟಿಸಿದ; ಫಲವಾಗಲಿಲ್ಲ. ಮುಂದಿನ ಮೂರು ದಶಕಗಳ ಕಾಲ ಹೆಚ್ಚಾಗಿ ಚಲಾವಣೆಯಲ್ಲಿದ್ದುದು ಇದೇ ರೂಪ. ಈ ಅವಧಿಯಲ್ಲಿ ಚಿತ್ರದ ಲಯ, ಸಂಕಲನಗಳ ಬಗ್ಗೆ ಬರೆದ ವಿಮರ್ಶಕರ ಎದುರಿಗಿದ್ದುದು ಕೋಪನ್‌ಹೇಗನ್ನಿನ ಮೊದಲ ಪ್ರೇಕ್ಷಕರು ಕಂಡ ಪಾಠವಲ್ಲ ಎಂಬುದನ್ನು ಅವರ ಬರಹಗಳನ್ನು ಬಳಸುವಾಗ ನೆನಪಿಡಬೇಕಾಗುತ್ತದೆ.

ಡ್ರೈಯರನ ಮುಂದಿನ ಬದುಕು ದೀರ್ಘ ಬಿಡುವುಗಳದು. ನಿರ್ಮಾಣಸಂಸ್ಥೆಯೊಂದಿಗಿನ ಸಂಬಂಧ ಮುರಿದು, ಶ್ರೀಮಂತ ತರುಣನೊಬ್ಬನ ಹಣದಿಂದ, ಆತನನ್ನೇ ನಾಯಕನನ್ನಾಗಿಸಿ ತಯಾರಿಸಿದ 'ವ್ಯಾಂಪೈರ್' (1932) ನೆಲಕಚ್ಚಿತು. ನಿರ್ದೇಶಕ ಮಾನಸಿಕವಾಗಿ ಕುಸಿದ. ಚೇತರಿಸಿಕೊಂಡು ಕೋಪನ್‌ಹೇಗನ್ನಿಗೆ ಮರಳಿ ಪತ್ರಿಕಾವೃತ್ತಿಯನ್ನೇ ಮತ್ತೆ ಹಿಡಿದ. ಆಗ ಆತ ಮಾಡಿದ ಕೆಲಸಗಳಲ್ಲಿ ನ್ಯಾಯಾಲಯದ ವರದಿಗಾರಿಕೆಯೂ ಒಂದು. ವಿಚಾರಣೆಯ ನಡಾವಳಿಯಿಂದ ಮಹಾಕೃತಿಯನ್ನು ರಚಿಸಿದಾತ ಸಣ್ಣಪುಟ್ಟ ಅಪರಾಧಿಗಳ ಮಾತನ್ನು ಬರೆದುಕೊಳ್ಳುತ್ತ ನ್ಯಾಯಾಲಯದ ಬೆಂಚಿನ ಮೇಲೆ ಕುಳಿತದ್ದನ್ನು ಜೀವನಚರಿತ್ರಕಾರರು ಸೋಲಿನ ಅಧ್ಯಾಯವೆಂದು ಬೇಗ ದಾಟಿಬಿಡುತ್ತಾರೆ. ಆತನ ಮುಂದಿನ ಚಿತ್ರವನ್ನು ನೋಡಿದರೆ ಅದು ಅಷ್ಟು ನಿಷ್ಫಲವಾಗಿತ್ತೆಂದು ಅನಿಸುವುದಿಲ್ಲ. ನಾತ್ಸಿ ಆಕ್ರಮಣದ ದಿನಗಳಲ್ಲಿ, 1943ರಲ್ಲಿ ಬಿಡುಗಡೆಯಾದ 'ಕ್ರೋಧದ ದಿನ'ದಲ್ಲಿ ಮಾಟಗಾತಿಯೆಂದು ಆರೋಪಿತಳಾದ ವೃದ್ಧೆಯ ತಪ್ಪೊಪ್ಪಿಗೆಯನ್ನು ಲೇಖನಿ ತಣ್ಣಗೆ ದಾಖಲಿಸುತ್ತದೆ. ಆಕೆ ಅದನ್ನು ಹೇಳಿದ್ದು ಚಿತ್ರಹಿಂಸೆಯಲ್ಲಿ ಎಂಬುದನ್ನು ಆ ಬರೆಹ ಮುಚ್ಚಿಡುತ್ತದೆ. ಇಲ್ಲಿ ದಾಖಲೆಯ ಮೇಲಿನ ಡ್ರೈಯರನ ನಂಬಿಕೆ ಅಪನಂಬಿಕೆಯ ಕಡೆಗೆ ತಿರುಗಿದೆ.

ಚಿತ್ರದ ಬಿಡುಗಡೆಯ ನಂತರ ಡ್ರೈಯರ್ ಸ್ವೀಡನ್ನಿಗೆ ಹೋದ. ಅಲ್ಲಿ ತಯಾರಿಸಿದ ಒಂದು ಚಿತ್ರವನ್ನು ತನ್ನದಲ್ಲವೆಂದೇ ತಳ್ಳಿಹಾಕಿದ. ಯುದ್ಧಾನಂತರ ಹೊಟ್ಟೆಪಾಡಿಗೆ ಕಿರುಚಿತ್ರಗಳು; 1952ರಿಂದ ಕೋಪನ್‌ಹೇಗನ್ನಿನ ಡಾಗ್ಮಾರ್ ಚಿತ್ರಮಂದಿರವನ್ನು ನಡೆಸುವ ಪರವಾನಗಿ. ನಾತ್ಸಿಗಳಿಂದ ಹತನಾದ ಪಾದ್ರಿ ಕಾಯ್ ಮುಂಕ್‌ನ ನಾಟಕವನ್ನಾಧರಿಸಿದ 'ಆರ್ದೆತ್' 1955ರಲ್ಲಿ ವೆನಿಸ್ ಚಿತ್ರೋತ್ಸವದ ಸ್ವರ್ಣಸಿಂಹ ಪ್ರಶಸ್ತಿಯನ್ನು ಗಳಿಸಿತು. 1964ರ 'ಗೆರ್ಟ್ರುಡ್' ಪ್ಯಾರಿಸ್ಸಿನಲ್ಲಿ ತಿರಸ್ಕಾರಕ್ಕೆ ಗುರಿಯಾಯಿತು. ಜೋನಳ ಚಿತ್ರದಲ್ಲಿ ಸುಮಾರು 1500 ಚಿತ್ರಿಕೆಗಳನ್ನು ಬಳಸಿದ್ದ ನಿರ್ದೇಶಕ ಈ ಕೊನೆಯ ಚಿತ್ರದಲ್ಲಿ ನೂರಕ್ಕಿಂತ ಕಡಿಮೆ ಚಿತ್ರಿಕೆಗಳಲ್ಲಿ ಎರಡು ಗಂಟೆಗಳ ಕಥೆಯನ್ನು ಹೇಳಿದ್ದ. ದಶಕಗಳಿಂದ ಸಿದ್ಧಪಡಿಸಿಕೊಳ್ಳುತ್ತಿದ್ದ ಯೇಸುವಿನ ಜೀವನದ ಚಿತ್ರ ಕೈಗೂಡಲಿಲ್ಲ. 1968ರ ಮಾರ್ಚ್ 20ರಂದು, 79ನೆಯ ವಯಸ್ಸಿನಲ್ಲಿ, ಡ್ರೈಯರ್ ಕೋಪನ್‌ಹೇಗನ್‌ನಲ್ಲಿ ನಿಧನನಾದ. ತನ್ನ ಜೋನಳ ಮೂಲರೂಪ ಉಳಿದಿದೆಯೆಂಬುದು ಆತನಿಗೆ ತಿಳಿಯಲೇ ಇಲ್ಲ.

1981ರಲ್ಲಿ ಓಸ್ಲೋ ಸಮೀಪದ ಡಿಕೆಮಾರ್ಕ್ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸಗಾರರ ಕಪಾಟೊಂದನ್ನು ಸ್ವಚ್ಛಗೊಳಿಸುವಾಗ ಕೆಲವು ಫಿಲ್ಮ್ ಡಬ್ಬಿಗಳು ಸಿಕ್ಕವು. ನಾರ್ವೆಯ ಚಿತ್ರಸಂಸ್ಥೆ ಅವನ್ನು ಪರೀಕ್ಷಿಸಿದಾಗ, ಡ್ಯಾನಿಷ್ ಮಧ್ಯಶೀರ್ಷಿಕೆಗಳುಳ್ಳ, ಪ್ಯಾರಿಸ್ಸಿನ ಕತ್ತರಿಪ್ರಯೋಗಕ್ಕೆ ಮುಂಚಿನ 1928ರ ಪಾಠ ಅದೆಂದು ಖಚಿತವಾಯಿತು. ಆಸ್ಪತ್ರೆಗೆ ಆ ಪ್ರತಿ ಏಕೆ ಬಂದಿತೆಂಬುದಕ್ಕೆ ಯಾವ ದಾಖಲೆಯೂ ಸಿಕ್ಕಿಲ್ಲ. 1985ರಲ್ಲಿ ಪ್ಯಾರಿಸ್ಸಿನ ಸಿನಿಮಾಟೆಕ್ ಸಂಗ್ರಹಾಲಯವು ಇದನ್ನು ಆಧರಿಸಿ ಫ್ರೆಂಚ್ ಮಧ್ಯಶೀರ್ಷಿಕೆಗಳ ಪ್ರತಿಯನ್ನು ಸಿದ್ಧಪಡಿಸಿತು.

ಸಾಮಾನ್ಯ ಅಧ್ಯೇತೃವಿಗೆ ಈ ಪಾಠ ದಕ್ಕಿದ್ದು ಡಿವಿಡಿಯ ಮೂಲಕ. 1999ರಲ್ಲಿ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಹೊರತಂದ ಡಿವಿಡಿಯಲ್ಲಿ ಚಿತ್ರದ ಜೊತೆಗೆ ರಿಚರ್ಡ್ ಐನ್‌ಹಾರ್ನ್‌ನ 'ವಾಯ್ಸಸ್ ಆಫ್ ಲೈಟ್' ಎಂಬ ಗಾಯನವೃಂದದ ಕೃತಿಯನ್ನು ಕೇಳಬಹುದಾಗಿತ್ತು. ಮಧ್ಯಯುಗದ ಅನುಭಾವಿ ಸ್ತ್ರೀಯರ ರಚನೆಗಳನ್ನೂ, ಜೋನಳ ಹುಟ್ಟೂರಾದ ದೊಂರೆಮಿಯ ಚರ್ಚಿನ ಗಂಟೆಯ ದನಿಯನ್ನೂ ಒಳಗೊಂಡ ಈ ಸಂಗೀತ ಗಂಭೀರವಾದುದು. ಆದರೆ ಅದನ್ನು ಹಾಕದೆ ನೋಡುವ ಅವಕಾಶವೂ ಅಲ್ಲಿತ್ತು ಎಂಬುದು ಹೆಚ್ಚು ಮುಖ್ಯ. 2012ರಲ್ಲಿ ಬ್ರಿಟನ್ನಿನ ಮಾಸ್ಟರ್ಸ್ ಆಫ್ ಸಿನಿಮಾ ಮಾಲೆಯ ಬ್ಲೂ-ರೇ, 2018ರಲ್ಲಿ ಕ್ರೈಟೀರಿಯನ್ನಿನ ಬ್ಲೂ-ರೇ ಬಂದವು. ಇವೆರಡರಲ್ಲೂ ಚಿತ್ರ ಎರಡು ವೇಗಗಳಲ್ಲಿದೆ. ಮೂಕಚಿತ್ರಗಳಿಗೆ ನಿಶ್ಚಿತ ವೇಗವಿರಲಿಲ್ಲ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡಿಸಿದರೆ ಸುಮಾರು 82 ನಿಮಿಷ, 20ರಂತೆ ಓಡಿಸಿದರೆ ಸುಮಾರು 97 ನಿಮಿಷ. ಛಂದಸ್ಸಿನ ಅಭ್ಯಾಸವುಳ್ಳವರಿಗೆ ಈ ವ್ಯತ್ಯಾಸ ಕ್ಷುಲ್ಲಕವೆನಿಸದು. ವೇಗದ ಓಟದಲ್ಲಿ ನ್ಯಾಯಾಧೀಶರ ಪ್ರಶ್ನೆಗಳು ಒಂದರ ಮೇಲೊಂದು ಎರಗುತ್ತವೆ. ನಿಧಾನದ ಓಟದಲ್ಲಿ ಜೋನಳ ಕಣ್ಣು ಉತ್ತರಕ್ಕಾಗಿ ಹುಡುಕಾಡುವುದು ಕಾಣುತ್ತದೆ. ಸಂಪಾದಕರು ತೀರ್ಪು ಕೊಡದೆ ಎರಡನ್ನೂ ಮುಂದಿಟ್ಟಿರುವುದು ಸರಿಯಾದ ಕ್ರಮವೇ ಆಗಿದೆ.

2012ರ ಆವೃತ್ತಿಯಲ್ಲಿ ಲೋ ದ್ಯೂಕಾನ ರೂಪವೂ ಅಡಕವಾಗಿದೆ. ಡ್ರೈಯರ್ ನಿರಾಕರಿಸಿದ ಪಾಠವನ್ನು ಕೊಡಬಾರದಿತ್ತೆಂಬ ವಾದ ಇರಬಹುದು. ಆದರೆ ಆ ಸಂಗೀತವನ್ನೂ ಬಣ್ಣಗಾಜನ್ನೂ ಸರಿಸಿ ನೋಡಿದರೆ ಅದರೊಳಗೆ ಇರುವುದು 1928ರ ಬೆಂಕಿಯ ನಂತರ ಡ್ರೈಯರ್ ತನ್ನ ಕೈಯಾರೆ ಜೋಡಿಸಿದ ಚಿತ್ರಿಕೆಗಳೇ. ಎರಡೂ ಪಾಠಗಳನ್ನು ಅಕ್ಕಪಕ್ಕ ಇಟ್ಟರೆ ಒಂದರಲ್ಲಿ ಫಾಲ್ಕೊನೆಟಿಯ ತಲೆ ತುಸು ಹೆಚ್ಚು ಬಾಗಿರುವುದು, ಇನ್ನೊಂದರಲ್ಲಿ ಕಣ್ಣೀರು ಬೇರೊಂದು ಕ್ಷಣದಲ್ಲಿ ಇಳಿಯುವುದು ಮೊದಲಾದ ಸೂಕ್ಷ್ಮಗಳನ್ನು ಗುರುತಿಸುವುದು ಸಾಧ್ಯ. ನಿರ್ದೇಶಕ ಮೊದಲ ಆಯ್ಕೆಯಲ್ಲಿ ಯಾವ ಅಭಿನಯವನ್ನು ಒಪ್ಪಿದ, ಯಾವುದನ್ನು ಬಿಟ್ಟ ಎಂಬುದಕ್ಕೆ ಇದಕ್ಕಿಂತ ನೇರವಾದ ಆಕರ ಬೇರೆ ಇಲ್ಲ. ಲೋ ದ್ಯೂಕಾನ ಸೇರ್ಪಡೆಗಳಿಲ್ಲದೆ ಆ ಎರಡನೆಯ ನೆಗೆಟಿವ್‌ನ ಪಾಠವನ್ನು, ಡಿಕೆಮಾರ್ಕ್ ಪಾಠದೊಂದಿಗೆ ಚಿತ್ರಿಕೆಗೆ ಚಿತ್ರಿಕೆಯಾಗಿ ಹೋಲಿಸಿ ಕೊಡುವ ಆವೃತ್ತಿಯೊಂದು ಬಂದರೆ ಅದು ಡ್ರೈಯರ್ ಅಧ್ಯಯನಕ್ಕೆ ಹೊಸ ಜೀವನಚರಿತ್ರೆಯೊಂದಕ್ಕಿಂತ ಹೆಚ್ಚು ಉಪಯುಕ್ತವಾದೀತು.